ಮಳಿಗೆ ಕೆಲಸಕ್ಕೆ ಅರ್ಜಿ: ಬಯೋಡೇಟಾದ ಮೇಲಿನ ಆ ಒಂದು ಹಾಳೆ

ಮಾನ್ಯ ಸಂಪಾದಕರೇ,

ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂತೆಂದರೆ ಮೈಸೂರಿನ ದೇವರಾಜ ಅರಸು ರಸ್ತೆ, ಸಯ್ಯಾಜಿರಾವ್ ರಸ್ತೆ, ಅಶೋಕ ರಸ್ತೆಗಳ ಅಂಗಡಿ ಬಾಗಿಲಲ್ಲಿ ‘ಕೆಲಸಕ್ಕೆ ಬೇಕಾಗಿದ್ದಾರೆ’ ಎಂಬ ಬೋರ್ಡು ತೂಗಾಡತೊಡಗುತ್ತದೆ. ನಿಮ್ಮ ಪತ್ರಿಕೆಯ ವರ್ಗೀಕೃತ ಜಾಹೀರಾತುಗಳಲ್ಲೂ ‘ಸೇಲ್ಸ್‌ಗೆ ಹುಡುಗರು, ಹುಡುಗಿಯರು ಬೇಕು’ ಎಂಬ ಸಾಲು ದೀಪಾವಳಿ ಕಳೆಯುವವರೆಗೆ ತಪ್ಪುವುದಿಲ್ಲ. ಅದನ್ನು ನೋಡಿ ಬರುವ ಅರ್ಜಿಗಳನ್ನು ಓದಿ ಆರಿಸುವ ಕೆಲಸ ನಮ್ಮದು. ನಾವು ಬಟ್ಟೆ, ದಿನಸಿ, ಚಪ್ಪಲಿ ಮಳಿಗೆಗಳ ಫ್ಲೋರ್ ಮ್ಯಾನೇಜರ್‌ಗಳು ಮತ್ತು ಹೊಸಬರಿಗೆ ತರಬೇತಿ ಕೊಡುವವರು. ಅರ್ಜಿ ಹಾಕುವವರಲ್ಲಿ ಕೆಲಸ ಬಲ್ಲವರಿಗೆ ಕೊರತೆಯಿಲ್ಲ. ಆದರೆ ಬಯೋಡೇಟಾದ ಮೇಲೆ ಅವರು ಇಟ್ಟು ಕೊಡುವ ಕವರ್ ಲೆಟರ್ ಆ ಕೆಲಸವನ್ನೆಲ್ಲ ಮುಚ್ಚಿಹಾಕುತ್ತದೆ. ಅದರ ಬಗ್ಗೆ ನಾಲ್ಕು ಮಾತು ಬರೆಯಲು ಅವಕಾಶ ಕೊಡಿ.

ನೂರಕ್ಕೆ ನೂರು ಅನ್ನದಿದ್ದರೂ ಬಹುಪಾಲು ಪತ್ರಗಳು ಪಿಯು ಇಂಗ್ಲಿಷ್ ಪರೀಕ್ಷೆಗೆ ಕಲಿತ ಅರ್ಜಿಯ ನಕಲು. ಇಂದ, ಗೆ, ವಿಷಯ, ಉಲ್ಲೇಖ, ‘ನಾನು ಪ್ರಾಮಾಣಿಕ, ಶ್ರಮಜೀವಿ, ತಮ್ಮ ಸಂಸ್ಥೆಯ ಏಳಿಗೆಗೆ ದುಡಿಯುವೆ’, ಕೊನೆಗೊಂದು ದೃಢೀಕರಣ. ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಒಂದೇ ಫೈಲು ಇರುತ್ತದೆ, ಹೆಸರು ಮಾತ್ರ ಬದಲು. ಒಮ್ಮೊಮ್ಮೆ ಹೆಸರೂ ಬದಲಾಗಿರುವುದಿಲ್ಲ, ಎದುರು ಅಂಗಡಿಗೆ ಬರೆದದ್ದು ನಮ್ಮ ಕೈಗೆ ಬರುತ್ತದೆ. ಈಚೆಗೆ ಮೊಬೈಲಿನಲ್ಲಿ ಬರೆಸಿಕೊಂಡ ಪತ್ರಗಳೂ ಬರುತ್ತಿವೆ. ಅವುಗಳಲ್ಲಿ ಕಾಗುಣಿತ ತಪ್ಪಿರುವುದಿಲ್ಲ, ಆದರೆ ಬರೆದವರು ಯಾರೆಂಬುದೂ ತಿಳಿಯುವುದಿಲ್ಲ. ಪ್ರಾಮಾಣಿಕ ಅಲ್ಲ ಎಂದು ಯಾರೂ ಬರೆದುಕೊಳ್ಳುವುದಿಲ್ಲವಲ್ಲ, ಹಾಗಾಗಿ ಆ ಪದದಿಂದ ಒಬ್ಬರನ್ನು ಇನ್ನೊಬ್ಬರಿಂದ ಬೇರ್ಪಡಿಸಲಾಗದು.

ಮಾಲ್‌ಗಳ ಬ್ರ್ಯಾಂಡ್ ಮಳಿಗೆಗಳು ಈಗ ‘ಕ್ರಿಯೇಟಿವ್ ಆಗಿ ಬರೆಯಿರಿ’ ಎಂದು ಕೇಳುತ್ತವೆ. ಅದನ್ನು ಓದಿ ಕೆಲವರು ಪ್ರಾಸ ಕಟ್ಟಿ ಪದ್ಯ ಬರೆಯುತ್ತಾರೆ. ಇನ್ನು ಕೆಲವರು ಅರ್ಜಿಯನ್ನೇ ಅಂಗಡಿ ಬಿಲ್ಲಿನ ಹಾಗೆ ಮಾಡಿ ‘ನಗುಮುಖ – 1, ತಾಳ್ಮೆ – 1, ಡಿಸ್ಕೌಂಟ್ – ಇಲ್ಲ’ ಎಂದು ಪಟ್ಟಿ ಹಾಕುತ್ತಾರೆ. ಕಿಟಕಿ ಅಲಂಕಾರ, ಡಿಸ್‌ಪ್ಲೇ ಕೆಲಸಕ್ಕೆ ಅರ್ಜಿ ಹಾಕುವವರು ಹಾಗೆ ಮಾಡಿದರೆ ಒಪ್ಪಬಹುದು, ಏಕೆಂದರೆ ಕಣ್ಣಿಗೆ ಹಿಡಿಸುವ ಹಾಗೆ ಜೋಡಿಸುವುದೇ ಅಲ್ಲಿನ ಕೆಲಸ. ಕೌಂಟರ್ ಕೆಲಸಕ್ಕೆ ಅದು ಒಗ್ಗುವುದಿಲ್ಲ. ಗಿರಾಕಿ ಕಾಯುತ್ತಿರುವಾಗ ಗಲ್ಲಾದ ಪಕ್ಕ ನಿಂತು ಅರ್ಜಿ ಓದುವ ಮ್ಯಾನೇಜರ್‌ಗೆ ಸಿಗುವುದು ಅರ್ಧ ನಿಮಿಷ. ಆ ಅರ್ಧ ನಿಮಿಷದಲ್ಲಿ ಅವರಿಗೆ ನಾಲ್ಕು ಸಂಗತಿ ಸಿಗಬೇಕು: ಯಾವ ಕೆಲಸಕ್ಕೆ ಬಂದಿದ್ದೀರಿ, ಈ ಅಂಗಡಿಯನ್ನು ಕಣ್ಣಾರೆ ನೋಡಿದ್ದೀರಾ, ಏನು ಮಾಡಿ ಗೊತ್ತು, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಇರಬಲ್ಲಿರಿ. ಇವುಗಳಲ್ಲಿ ಎರಡನೆಯದನ್ನು ಯಾರೂ ಬರೆಯುವುದಿಲ್ಲ. ಪತ್ರ ಹೊಸದಾಗಿ ಕಾಣುವುದೆಲ್ಲ ಅದರಿಂದಲೇ.

ಆದ್ದರಿಂದ ಬರೆಯುವ ಮುಂಚೆ ಒಂದು ಸಲ ಅಂಗಡಿಗೆ ಗಿರಾಕಿಯಂತೆ ಹೋಗಿ. ಶನಿವಾರ ಅಥವಾ ಭಾನುವಾರ ಸಂಜೆ ಆರರಿಂದ ಎಂಟರ ನಡುವೆ ಇಪ್ಪತ್ತು ನಿಮಿಷ ಸಾಕು. ಬಿಲ್ಲಿಂಗ್ ಕ್ಯೂ ಎಷ್ಟು ಉದ್ದವಿದೆ, ಟ್ರಯಲ್ ರೂಮಿನಿಂದ ವಾಪಸ್ ಬಂದ ಬಟ್ಟೆ ಎಲ್ಲಿ ಸೇರುತ್ತದೆ, ಗಿರಾಕಿಗಳು ಯಾವ ಭಾಷೆಯಲ್ಲಿ ಕೇಳುತ್ತಾರೆ, ಯಾವ ಮೂಲೆಯಲ್ಲಿ ಕೇಳಲು ಬಂದವರಿಗೆ ಜನ ಸಿಗುವುದಿಲ್ಲ ಎಂಬುದನ್ನು ಗಮನಿಸಿ. ಫೋಟೋ ತೆಗೆಯಬೇಡಿ, ಸೆಕ್ಯೂರಿಟಿಯವರು ಬಿಡುವುದಿಲ್ಲ. ಹೊರಡುವಾಗ ಅವರನ್ನೇ ಮ್ಯಾನೇಜರ್ ಹೆಸರು ಕೇಳಿಕೊಳ್ಳಿ. ‘ಮಾನ್ಯ ಸರ್’ ಎಂದು ಬರೆದ ಪತ್ರ ಮೇಡಂ ಕೈಗೆ ಹೋಗುವ ಮುಜುಗರ ತಪ್ಪುತ್ತದೆ.

ನೋಡಿದ್ದನ್ನು ಬರೆಯುವಾಗ ಒಂದು ಎಚ್ಚರ ಬೇಕು. ತಪ್ಪು ಎತ್ತಿ ತೋರಿಸಲು ಹೋಗಬಾರದು. ‘ನಿಮ್ಮಲ್ಲಿ ಬಟ್ಟೆ ರಾಶಿ ಬಿದ್ದಿತ್ತು’ ಎಂದರೆ ಓದುವವರ ಮುಖ ಗಂಟಾಗುತ್ತದೆ. ‘ಆ ಬಟ್ಟೆ ಮಡಿಚಿ ಸ್ಟ್ಯಾಂಡಿಗೆ ಸೇರಿಸುವ ಕೆಲಸದಿಂದ ಶುರು ಮಾಡುತ್ತೇನೆ’ ಎಂದರೆ ಅದೇ ಸಂಗತಿ ನಿಮ್ಮ ಪರವಾಗಿ ನಿಲ್ಲುತ್ತದೆ.

ಒಂದು ಮಾದರಿ ಕೊಡುತ್ತೇವೆ. ರೆಡಿಮೇಡ್ ಬಟ್ಟೆ ಅಂಗಡಿಗೆ, ಪಿಯುಸಿ ಮುಗಿಸಿದ, ಅಂಗಡಿಯಲ್ಲಿ ಹಿಂದೆಂದೂ ಕೆಲಸ ಮಾಡಿರದ ನಂಜನಗೂಡು ಕಡೆಯ ಹುಡುಗಿ ಬರೆದಳೆಂದು ಇಟ್ಟುಕೊಳ್ಳಿ.

‘ಮ್ಯಾನೇಜರ್ ಅವರಿಗೆ,

ನಿಮ್ಮ ಮೊದಲ ಮಹಡಿಯ ಚೂಡಿದಾರ್ ಸೆಕ್ಷನ್‌ಗೆ ಜನ ಬೇಕೆಂಬ ಬೋರ್ಡು ನೋಡಿ ಬರೆಯುತ್ತಿದ್ದೇನೆ. ಹೋದ ಶನಿವಾರ ಸಂಜೆ ಅಲ್ಲಿಗೆ ಬಂದಿದ್ದೆ. ಟ್ರಯಲ್ ರೂಮಿನಿಂದ ವಾಪಸ್ ಬರುವ ಬಟ್ಟೆಯನ್ನು ಸೈಜಿನ ಪ್ರಕಾರ ಮತ್ತೆ ಜೋಡಿಸಲು ರಶ್ ಹೊತ್ತಿನಲ್ಲಿ ಇನ್ನೊಂದು ಕೈ ಬೇಕು ಅನ್ನಿಸಿತು. ಆ ಕೆಲಸದಿಂದಲೇ ಶುರು ಮಾಡಲು ಸಿದ್ಧಳಿದ್ದೇನೆ.

ನಮ್ಮೂರ ಹಾಲಿನ ಡೇರಿಯಲ್ಲಿ ಎರಡು ವರ್ಷ ಬೆಳಗಿನ ಲೆಕ್ಕ ಬರೆದಿದ್ದೇನೆ. ದಿನಕ್ಕೆ 85 ಜನ, ಒಂದೂವರೆ ಗಂಟೆಯೊಳಗೆ ಮುಗಿಯಬೇಕು. ಬಟವಾಡೆಯಲ್ಲಿ ವ್ಯತ್ಯಾಸ ಬಂದಾಗ ಪಾಸ್‌ಬುಕ್ ಜೊತೆ ತಾಳೆ ನೋಡಿ ಸರಿಪಡಿಸುತ್ತಿದ್ದೆ.

ಕನ್ನಡ ಓದಿ ಬರೆಯುತ್ತೇನೆ. ತಮಿಳು ಮಾತಾಡುತ್ತೇನೆ. ಹಿಂದಿಯಲ್ಲಿ ಸೈಜು, ದರ ಹೇಳುವಷ್ಟು ಬರುತ್ತದೆ. ಬಿಲ್ಲಿಂಗ್ ಸಾಫ್ಟ್‌ವೇರ್ ಬಳಸಿಲ್ಲ, ಕೀಬೋರ್ಡ್ ರೂಢಿಯಿದೆ.

ಬೆಳಗ್ಗೆ 11ರಿಂದ ರಾತ್ರಿ 8ರ ಪಾಳಿಗೆ ಬರಬಲ್ಲೆ. ಅದರ ನಂತರ ಬಸ್ಸು ಹಿಡಿಯಬೇಕು. ಶನಿವಾರ, ಭಾನುವಾರ ರಜೆ ಕೇಳುವುದಿಲ್ಲ.

ಮಂಗಳವಾರ ಅಥವಾ ಬುಧವಾರ ಬೆಳಗ್ಗೆ ಕರೆದರೆ ಬಂದು ಒಂದು ಗಂಟೆ ಕೆಲಸ ಮಾಡಿ ತೋರಿಸುತ್ತೇನೆ.’

ಇಷ್ಟೇ. ಮೇಲೆ ಹೆಸರು, ಊರು, ಮೊಬೈಲ್ ಸಂಖ್ಯೆ, ಕೆಳಗೆ ಸಹಿ. ಕನ್ನಡದಲ್ಲಿ ನೂರು, ನೂರಿಪ್ಪತ್ತು ಪದ ದಾಟಬೇಕಿಲ್ಲ. ಅದೇ ವಿಷಯ ಇಂಗ್ಲಿಷಿನಲ್ಲಿ ಬರೆದರೆ ಇನ್ನೂರರ ಹತ್ತಿರ ಹೋದೀತು, ಎರಡೂ ಎ4 ಹಾಳೆಯ ಒಂದೇ ಮಗ್ಗುಲಲ್ಲಿ ಹಿಡಿಸುತ್ತವೆ.

ಡೇರಿಯ ಸಾಲನ್ನು ಇನ್ನೊಮ್ಮೆ ನೋಡಿ. ‘ಅನುಭವ ಇಲ್ಲ’ ಎಂದು ಬರೆಯುವ ಹತ್ತು ಜನರಲ್ಲಿ ಏಳೆಂಟು ಮಂದಿಗೆ ಇಂಥದ್ದೊಂದು ಇದ್ದೇ ಇರುತ್ತದೆ. ಸಂತೆಯಲ್ಲಿ ತರಕಾರಿ ಮಾರಿರುತ್ತಾರೆ, ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆದಿರುತ್ತಾರೆ, ಜಾತ್ರೆಯಲ್ಲಿ ಕಬ್ಬಿನಹಾಲಿನ ಗಾಡಿ ನೋಡಿಕೊಂಡಿರುತ್ತಾರೆ, ದೇವಸ್ಥಾನದ ಪಂಕ್ತಿಯಲ್ಲಿ ನೂರಾರು ಜನಕ್ಕೆ ಬಡಿಸಿರುತ್ತಾರೆ. ಅದು ಕೆಲಸವೆಂದು ಅವರಿಗೇ ಅನ್ನಿಸಿರುವುದಿಲ್ಲ. ಬರೆಯುವ ಕ್ರಮ ಸುಲಭ: ಏನು ಮಾಡಿದಿರಿ, ಎಷ್ಟು ಜನಕ್ಕೆ ಅಥವಾ ಎಷ್ಟು ರೂಪಾಯಿಗೆ, ಎಷ್ಟು ಕಾಲ, ಎಡವಟ್ಟಾದಾಗ ಏನು ಮಾಡಿದಿರಿ. ನಾಲ್ಕನೆಯದು ಬಹಳ ಮುಖ್ಯ. ಹಣ ಎಣಿಸುವವರ ಲೆಕ್ಕ ಒಂದಲ್ಲ ಒಂದು ದಿನ ತಪ್ಪುತ್ತದೆ. ತಪ್ಪಿದ ದಿನ ಮುಚ್ಚಿಡುವವರೋ ಹುಡುಕುವವರೋ ಎಂಬುದೇ ಗಲ್ಲಾದಲ್ಲಿ ಕೂರಿಸುವ ಮುಂಚೆ ನಮಗೆ ಬೇಕಾದ ಮಾಹಿತಿ. ಅಂಕಿ ಮಾತ್ರ ನಿಜವಿರಲಿ. ಸಂದರ್ಶನದಲ್ಲಿ ಮೊದಲು ಕೆದಕುವುದು ಅದನ್ನೇ.

‘ಬಿಲ್ಲಿಂಗ್ ಸಾಫ್ಟ್‌ವೇರ್ ಬಳಸಿಲ್ಲ’ ಎಂದು ಒಪ್ಪಿಕೊಂಡಿರುವುದೂ ಲೆಕ್ಕವಿಟ್ಟೇ. ಸಾಫ್ಟ್‌ವೇರ್ ಎರಡು ಮೂರು ದಿನದಲ್ಲಿ ಕಲಿಸಬಹುದು. ಗೊತ್ತಿದೆ ಎಂದು ಬರೆದು ಗೊತ್ತಿಲ್ಲದಿದ್ದರೆ ಮೊದಲ ಪರೀಕ್ಷೆಯಲ್ಲೇ ಸಿಕ್ಕಿಬೀಳುತ್ತಾರೆ. ನಮ್ಮ ಪರೀಕ್ಷೆಗಳು ಸರಳ: 437 ರೂಪಾಯಿ ಬಿಲ್ಲಿಗೆ 500ರ ನೋಟು ಕೊಟ್ಟರೆ ವಾಪಸ್ ಎಷ್ಟು? 1,349 ರೂಪಾಯಿಯ ಕುರ್ತಾಗೆ ಶೇ 20 ಡಿಸ್ಕೌಂಟ್ ಕಳೆದರೆ ಎಷ್ಟು? ಮೊದಲನೆಯದಕ್ಕೆ 63 ಎಂದು ಬಾಯಲ್ಲೇ ಬರಬೇಕು. ಎರಡನೆಯದಕ್ಕೆ ಶೇ 10ರಷ್ಟು 134.90, ಅದರ ಎರಡರಷ್ಟು 269.80, ಕಳೆದರೆ 1,079.20 ಎಂದು ಚೀಟಿಯಲ್ಲಿ ಮಾಡಿ ತೋರಿಸಿದರೂ ಸಾಕು.

ಭಾಷೆಯ ಸಾಲಿಗೆ ಮೈಸೂರಿನಲ್ಲಿ ವಿಶೇಷ ಬೆಲೆಯಿದೆ. ವಯನಾಡು, ಕಣ್ಣೂರು ಕಡೆಯಿಂದ ಬಟ್ಟೆಗೆ, ಸೀರೆಗೆ ಜನ ಇಲ್ಲಿಗೆ ಬರುತ್ತಾರೆ. ದಸರಾ ಹೊತ್ತಿಗಂತೂ ಹಿಂದಿ, ತಮಿಳು, ತೆಲುಗು ಎಲ್ಲವೂ ಕೌಂಟರಿಗೆ ಬರುತ್ತವೆ. ಮಲಯಾಳಂ ಅಲ್ಪಸ್ವಲ್ಪ ಬಂದರೂ ಬರೆಯಿರಿ. ಆದರೆ ‘ಬಲ್ಲ ಭಾಷೆಗಳು: ಕನ್ನಡ, ಇಂಗ್ಲಿಷ್, ಹಿಂದಿ’ ಎಂದು ಸಾಲಾಗಿ ಬರೆದರೆ ಏನೂ ತಿಳಿಯದು. ಓದುವಷ್ಟೋ, ಮಾತಾಡುವಷ್ಟೋ, ದರ ಹೇಳುವಷ್ಟೋ ಎಂದು ಬಿಡಿಸಿ ಬರೆಯಬೇಕು.

ಪಾಳಿ, ರಜೆಗಳ ವಿಷಯಕ್ಕೆ ಬಂದರೆ, ಹೆಚ್ಚಿನವರು ಕೆಲಸ ಸಿಕ್ಕ ಮೇಲೆ ಹೇಳಿದರಾಯಿತು ಎಂದು ಸುಮ್ಮನಿರುತ್ತಾರೆ. ಹದಿನೈದನೇ ದಿನ ಕೊನೆ ಬಸ್ಸಿನ ಜಗಳ ಶುರುವಾಗುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಹೆಣ್ಣುಮಕ್ಕಳಿಗೆ ಬಸ್ ಖರ್ಚು ಇಲ್ಲವಾಗಿದೆ, ದೂರ ಮಾತ್ರ ಹಾಗೇ ಇದೆ. ಮೊದಲೇ ಬರೆದರೆ ನಾವು ಪಾಳಿ ಹೊಂದಿಸಲು ನೋಡುತ್ತೇವೆ. ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ವಾರಕ್ಕೊಂದು ರಜೆ ಕೊಡಲೇಬೇಕು, ಅದನ್ನು ಕೇಳಲು ಸಂಕೋಚ ಬೇಡ. ಆದರೆ ಅದು ಭಾನುವಾರವೇ ಬೇಕೆಂದರೆ ಮಾಲ್ ಅಂಗಡಿಯಲ್ಲಿ ಕಷ್ಟ, ಅಲ್ಲಿ ವ್ಯಾಪಾರವೇ ಆ ದಿನದ್ದು. ಇನ್ನು ‘ಜಂಬೂಸವಾರಿ ದಿನವೂ ರಜೆ ಬೇಡ’ ಎಂದು ಸಯ್ಯಾಜಿರಾವ್ ರಸ್ತೆಯ ಅಂಗಡಿಗೆ ಬರೆಯುವವರಿದ್ದಾರೆ. ಮೆರವಣಿಗೆ ಸಾಗುವ ಹೊತ್ತಿನಲ್ಲಿ ಆ ರಸ್ತೆಯ ಅಂಗಡಿಗೆ ಗಿರಾಕಿ ಬರುವುದಾದರೂ ಹೇಗೆ? ನಮಗೆ ಜನ ಬೇಕಾಗುವುದು ಆಯುಧಪೂಜೆಗೆ ಮುಂಚಿನ ವಾರ. ಆ ವಾರಕ್ಕೆ ಒಪ್ಪಿಕೊಂಡವರ ಪತ್ರ ಮೇಲಕ್ಕೆ ಬರುತ್ತದೆ.

ಬೇರೆ ಬಗೆಯ ಅಂಗಡಿಯಾದರೆ ಪತ್ರದ ಒಂದು ಸಾಲು ಬದಲಾಗಬೇಕು. ಸೂಪರ್‌ಮಾರ್ಕೆಟ್‌ಗೆ ಬರೆಯುವವರು, ಮೊದಲು ಎಕ್ಸ್‌ಪೈರಿ ಆಗುವ ಮಾಲು ಮುಂದೆ, ಹೊಸದಾಗಿ ಬಂದದ್ದು ಹಿಂದೆ ಎಂಬ ಕ್ರಮ ಗೊತ್ತಿದೆ ಎನ್ನಲಿ. ಹಾಲು, ಬ್ರೆಡ್ಡಿನ ಕಪಾಟಿನಲ್ಲಿ ನಷ್ಟವಾಗುವುದು ಈ ಕ್ರಮ ತಪ್ಪಿದಾಗ. ಒಡವೆ ಅಂಗಡಿಗಾದರೆ 916 ಎಂದರೆ 22 ಕ್ಯಾರೆಟ್, 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆ ಮೇಲೆ ಅಕ್ಷರ, ಅಂಕಿ ಸೇರಿ ಆರು ಸ್ಥಾನದ ಎಚ್‌ಯುಐಡಿ ಎಂಬ ಗುರುತು ಸಂಖ್ಯೆ ಇರಬೇಕು ಎಂಬಷ್ಟು ತಿಳಿದಿರಲಿ. ಗಿರಾಕಿ ಕೇಳುವ ಮೊದಲ ಪ್ರಶ್ನೆಗಳೇ ಇವು. ಚಪ್ಪಲಿ ಅಂಗಡಿಗೆ, ಎರಡೂ ಪಾದ ಅಳೆದು ದೊಡ್ಡ ಪಾದಕ್ಕೆ ಸೈಜು ಕೊಡಬೇಕು ಎಂದು ಬರೆದವರನ್ನು ಕರೆಯದೆ ಬಿಡಲು ಮನಸ್ಸಾಗದು. ಸೀರೆ ಅಂಗಡಿಯದು ಬೇರೆಯೇ ಲೋಕ. ಮೈಸೂರು ರೇಷ್ಮೆಗೆ ಇಲ್ಲಿಯದೇ ಎಂಬ ಭೌಗೋಳಿಕ ಗುರುತು (ಜಿಐ) ಇದೆ ಎಂದು ಬರೆದು ಹೊಗಳುವ ಬದಲು, ಸೆರಗು ಬಿಡಿಸಿ ತೋರಿಸಿದ ಮೇಲೆ ಅದೇ ಮಡಿಕೆಗೆ ಮತ್ತೆ ಮಡಿಚಬಲ್ಲೆ ಎಂದು ಬರೆಯಿರಿ. ಒಬ್ಬ ಗಿರಾಕಿಗೆ ಮೂವತ್ತು ಸೀರೆ ಬಿಚ್ಚಿ, ಅವರು ಒಂದೂ ಕೊಳ್ಳದೆ ಎದ್ದುಹೋದ ಮೇಲೆ ಮಾಡುವ ಕೆಲಸ ಅದು.

ಪತ್ರವನ್ನು ಕೆಡಿಸುವ ಮಾತುಗಳು ಕೆಲವಿವೆ. ‘ಯಾವ ಕೆಲಸ ಕೊಟ್ಟರೂ ಮಾಡುತ್ತೇನೆ’ ಎಂಬುದು ವಿನಯದಂತೆ ಕಂಡರೂ ನಮಗಿರುವುದು ನಿರ್ದಿಷ್ಟ ಜಾಗ: ಬಿಲ್ಲಿಂಗ್‌ಗೆ ಒಬ್ಬರು, ಫ್ಲೋರ್‌ಗೆ ಇಬ್ಬರು, ಗೋಡೌನ್‌ಗೆ ಒಬ್ಬರು. ಎಲ್ಲಕ್ಕೂ ಸಲ್ಲುವೆ ಎಂದವರ ಹಾಳೆ ಯಾವ ಕಟ್ಟಿಗೂ ಸೇರದೆ ಉಳಿಯುತ್ತದೆ. ಮನೆ ಕಷ್ಟವನ್ನು ತೋಡಿಕೊಳ್ಳುವವರಿಗೂ ಒಂದು ಮಾತು. ಓದುವವರ ಮನಸ್ಸು ಕರಗುತ್ತದೆ, ನಿಜ. ಆದರೆ ನಿಮಗೆ ಕೆಲಸ ಎಷ್ಟು ತುರ್ತಾಗಿ ಬೇಕೆಂದು ತಿಳಿದವರು ಸಂಬಳ ಮಾತಾಡುವಾಗ ಅದನ್ನು ಮರೆಯುವುದಿಲ್ಲ. ನಮ್ಮ ಕಸುಬಿನವರ ಬಗ್ಗೆಯೇ ಹೀಗೆ ಬರೆಯಬೇಕಾಗಿರುವುದು ಹಿತವಲ್ಲ, ಆದರೆ ಇದು ಇರುವ ಸಂಗತಿ.

ಕಳಿಸುವ ರೀತಿಯಲ್ಲೂ ಎಡವುತ್ತಾರೆ. ಡಿಟಿಪಿ ಸೆಂಟರಿನಲ್ಲಿ ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಸಿ ವರ್ಡ್ ಫೈಲನ್ನೇ ವಾಟ್ಸ್‌ಆ್ಯಪ್ ಮಾಡಿದರೆ, ಆ ಫಾಂಟ್ ಇಲ್ಲದ ನಮ್ಮ ಮೊಬೈಲಿನಲ್ಲಿ ಕನ್ನಡವೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೆರೆದುಕೊಳ್ಳುತ್ತದೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿಸಿ ಅಥವಾ ಪಿಡಿಎಫ್ ಮಾಡಿಸಿಕೊಂಡೇ ಎದ್ದು ಬನ್ನಿ. ಫೈಲಿಗೆ ನಿಮ್ಮ ಹೆಸರು, ಕೆಲಸದ ಹೆಸರು ಇಡಿ. ‘ರೆಸ್ಯೂಮೆ ನ್ಯೂ ಫೈನಲ್ 2’ ಎಂಬ ಹೆಸರಿನ ಫೈಲುಗಳು ನಮ್ಮ ಮೊಬೈಲಿನಲ್ಲಿ ಬೇಕಾದಷ್ಟಿವೆ. ಹಾಳೆಯ ಫೋಟೋ ತೆಗೆದು ಕಳಿಸಿದರೆ ಮೂಲೆಯ ನೆರಳಿನಲ್ಲಿ ಫೋನ್ ನಂಬರೇ ಮುಚ್ಚಿಹೋಗಿರುತ್ತದೆ. ಆ ನಂಬರು ರೀಚಾರ್ಜ್ ಆಗಿರಲಿ. ಎರಡನೇ ನಂಬರು ಅಣ್ಣನದೋ ಚಿಕ್ಕಮ್ಮನದೋ ಆಗಿದ್ದರೆ ಅವರಿಗೂ ವಿಷಯ ತಿಳಿಸಿರಿ. ನಾವು ಫೋನ್ ಮಾಡಿದಾಗ ‘ಯಾವ ಅಂಗಡಿ? ನಮಗೇನೂ ಬೇಡ’ ಎಂದು ಇಟ್ಟುಬಿಡುತ್ತಾರೆ.

ಕೈಬರಹದ ಪತ್ರಕ್ಕೆ ಈಗಲೂ ಮರ್ಯಾದೆಯಿದೆ, ಅದರಲ್ಲೂ ಒಬ್ಬರೇ ಮಾಲೀಕರಿರುವ ಅಂಗಡಿಗಳಲ್ಲಿ. ಗೆರೆಯಿಲ್ಲದ ಬಿಳಿ ಹಾಳೆ, ನೀಲಿ ಅಥವಾ ಕಪ್ಪು ಶಾಯಿ, ಪ್ಲಾಸ್ಟಿಕ್ ಫೋಲ್ಡರ್. ಜೇಬಿನಲ್ಲಿ ಎಂಟು ಮಡಿಕೆಯಾಗಿ ಬಂದದ್ದು ಬೇಡ. ಕೊಡುವ ಹೊತ್ತೂ ಮುಖ್ಯ. ಬೆಳಗ್ಗೆ ಬಾಗಿಲು ತೆಗೆದು ಪೂಜೆ ಮುಗಿದು ಬೋಣಿ ಆಗುವವರೆಗೆ ಒಳಗೆ ಕಾಲಿಡಬೇಡಿ, ಕೊಳ್ಳಲು ಬರದವರ ಮುಖ ಆಗ ಯಾರಿಗೂ ಬೇಕಿರುವುದಿಲ್ಲ. ವಾರದ ದಿನ ಹನ್ನೊಂದೂವರೆಯಿಂದ ಹನ್ನೆರಡೂವರೆ ಅಥವಾ ಮಧ್ಯಾಹ್ನ ಮೂರೂವರೆ ಸುಮಾರು ಒಳ್ಳೆಯದು. ತಿಂಗಳ ಕೊನೆ ದಿನ ಸ್ಟಾಕ್ ಎಣಿಕೆ ಇರುತ್ತದೆ, ಅಂದು ಬೇಡ. ಹಬ್ಬದ ಸೀಸನ್ನಿಗೆ ಸೇರಬೇಕೆಂದರೆ ಆಷಾಢದಲ್ಲೇ ಕೊಡಬೇಕು. ಶ್ರಾವಣ ಶುರುವಾದ ಮೇಲೆ ಬೋರ್ಡು ಇದ್ದರೂ ಜಾಗ ಅರ್ಧ ತುಂಬಿರುತ್ತದೆ.

ಪತ್ರದೊಳಗೆ ಆಧಾರ್, ಪ್ಯಾನ್, ಬ್ಯಾಂಕ್ ಖಾತೆ ಸಂಖ್ಯೆ ಬರೆಯಬಾರದು. ಆ ಹಾಳೆ ಎಷ್ಟು ಕೈ ದಾಟುತ್ತದೋ, ಕೊನೆಗೆ ಯಾವ ಪೊಟ್ಟಣವಾಗುತ್ತದೋ! ಆಯ್ಕೆಯಾದ ಮೇಲೆ ಗುರುತಿನ ಪುರಾವೆ ಕೇಳಿದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಬಹುದು. ಅಂಕಪಟ್ಟಿಯ ಮೂಲಪ್ರತಿ ತೋರಿಸಿ, ವಾಪಸ್ ತೆಗೆದುಕೊಳ್ಳಿ, ಅಂಗಡಿಯಲ್ಲಿ ಬಿಟ್ಟು ಬರಬೇಡಿ. ಕೆಲಸ ಕೊಡಿಸಲು ಯಾರಾದರೂ ದುಡ್ಡು ಕೇಳಿದರೆ ಅಲ್ಲಿಂದ ಎದ್ದುಬನ್ನಿ.

ನಮ್ಮ ಕಡೆಯ ತಪ್ಪನ್ನೂ ಹೇಳದೆ ಮುಗಿಸಿದರೆ ನ್ಯಾಯವಾಗದು. ‘ಬೇಕಾಗಿದ್ದಾರೆ’ ಎಂದು ಬರೆದು ಕೆಳಗೊಂದು ಫೋನ್ ನಂಬರ್ ಹಾಕಿದರೆ, ಅದನ್ನು ಓದಿದವರು ‘ಯಾವ ಕೆಲಸವಾದರೂ ಸರಿ’ ಎಂದಲ್ಲದೆ ಇನ್ನೇನು ಬರೆಯಲಾದೀತು? ಜಾಹೀರಾತು ಕೊಡುವ ಮಾಲೀಕರು ಪದ ಉಳಿಸಲು ನೋಡುತ್ತಾರೆ, ಅರ್ಥವಾಗುತ್ತದೆ. ಆದರೂ ಇನ್ನೆರಡು ಸಾಲಿನ ಹಣ ಹೆಚ್ಚು ಕೊಟ್ಟು ನಿಮ್ಮಲ್ಲಿ ಹೀಗೆ ಹಾಕಿಸಲಿ: ‘ಚೂಡಿದಾರ್ ಸೆಕ್ಷನ್‌ಗೆ ಇಬ್ಬರು. ಬೆಳಗ್ಗೆ 11ರಿಂದ ರಾತ್ರಿ 8. ವಾರದ ರಜೆ ಬುಧವಾರ. ಸಂಬಳ ಇಂತಿಷ್ಟು, ಪಿಎಫ್ ಉಂಟು. ಮೇಡಂ ಅವರನ್ನು ಮಧ್ಯಾಹ್ನ ಮೂರೂವರೆಗೆ ಕಾಣಿ.’

ಇಂತಿ,
ಮಳಿಗೆಗಳಲ್ಲಿ ನೇಮಕ ಮತ್ತು ತರಬೇತಿ ನೋಡಿಕೊಳ್ಳುವ ಕೆಲವರು,
ಮೈಸೂರು